ಟ್ಯೂರಿನ್‌ನಲ್ಲಿ ಸಿಕ್ಕ ಹಳೇ ಬಾಂಡ್ ಪೇಪರ್

ಆರು ವಾರ ಟ್ಯೂರಿನ್‌ಗೆ ಆನ್‌ಸೈಟ್ ಅಂತ ಗೊತ್ತಾದ ದಿನ ಟೀಮಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಯುವೆಂಟಸ್ ಮ್ಯಾಚ್ ನೋಡ್ತೀಯಾ?" ನೋಡಲಿಲ್ಲ. ಟಿಕೆಟ್ ದರ ನೋಡಿ ಸುಮ್ಮನಾದೆ. ಅದರ ಬದಲು ನವೆಂಬರಿನ ಒಂದು ಶನಿವಾರ ಐದು ಗಂಟೆ ಕಾಲ ಒಂದು ಅಂಗಳದಲ್ಲಿ ಕಳೆದೆ. ಅಲ್ಲೂ ಫುಟ್‌ಬಾಲ್ ನಡೀತಿತ್ತು, ಪುಕ್ಕಟೆ.

ಅಲ್ಲಿಗೆ ಹೋಗೋ ಪ್ಲಾನ್ ನನ್ನದಲ್ಲ. ಕ್ಲೈಂಟ್ ಆಫೀಸಿನ ಸಹೋದ್ಯೋಗಿಯೊಬ್ಬ ಊಟದ ಹೊತ್ತಿಗೆ ತನ್ನ ಅಜ್ಜನ ಕಥೆ ಹೇಳಿದ. ಹಳ್ಳಿಯಿಂದ ಬರಿಗೈಲಿ ಬಂದ ಅಜ್ಜ ವಾಲ್ದೊಕ್ಕೊ ಅನ್ನೋ ಕಡೆ ಪಾದ್ರಿಗಳ ಹತ್ತಿರ ಲೇಥ್ ಕೆಲಸ ಕಲಿತು, ಆಮೇಲೆ ಕಾರ್ ಫ್ಯಾಕ್ಟರಿ ಸೇರಿದನಂತೆ. "ನಿಮ್ಮ ದೇಶದಲ್ಲೂ ಅವರಿದ್ದಾರೆ, ಡಾನ್ ಬಾಸ್ಕೊ" ಅಂದ. ನನಗೆ ನಗು ಬಂತು. ಡಾನ್ ಬಾಸ್ಕೊ ಅಂದ್ರೆ ನನ್ನ ತಲೆಯಲ್ಲಿ ಒಂದು ಸ್ಕೂಲಿನ ಹೆಸರು ಅಷ್ಟೆ. ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ನಾನು ದಿನಾ ಕಾಫಿ ಕುಡಿಯೋ ಜಾಗದಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಬದುಕಿ ಸತ್ತವನು ಅನ್ನೋದು ಹೊಳೆದೇ ಇರಲಿಲ್ಲ.

ಪೋರ್ಟಾ ಸೂಸಾ ಸ್ಟೇಷನ್ ಕಡೆಯಿಂದ ನಡೆದುಕೊಂಡೇ ಹೋದೆ. ಮಂಜು, ತೆಳ್ಳಗಿನ ಚಳಿ, ಎರಡೂ ಕಡೆ ಎಲೆ ಉದುರಿದ ಮರಗಳು. ದಾರಿಯಲ್ಲಿ ಒಂದು ದೊಡ್ಡ ಸರ್ಕಲ್ ಸಿಗುತ್ತೆ. ಊರಿನವರು ಅದನ್ನು ಕರೆಯೋದು ಗಲ್ಲುಮರದ ಸರ್ಕಲ್ ಅಂತ. ಹತ್ತೊಂಬತ್ತನೇ ಶತಮಾನದಲ್ಲಿ ಸಾರ್ವಜನಿಕರ ಎದುರೇ ಗಲ್ಲಿಗೇರಿಸುತ್ತಿದ್ದ ಜಾಗ. ಈಗ ಅಲ್ಲೊಂದು ಪ್ರತಿಮೆ ಇದೆ: ಗಲ್ಲಿಗೆ ಹೊರಟ ಕೈದಿಯ ಪಕ್ಕ ನಿಂತ ಪಾದ್ರಿ. ಅವರ ಹೆಸರು ಜ್ಯುಸೆಪ್ಪೆ ಕಫಾಸ್ಸೊ. ಮರಣದಂಡನೆಯಾದವರ ಜೊತೆ ಕೊನೆಯ ಗಳಿಗೆಯವರೆಗೂ ಇರೋದು ಅವರು ವಹಿಸಿಕೊಂಡಿದ್ದ ಕೆಲಸ.

ಕಥೆ ಶುರುವಾಗೋದು ಈ ಕಫಾಸ್ಸೊ ಅವರಿಂದಲೇ. 1841ರಲ್ಲಿ ದೀಕ್ಷೆ ಪಡೆದು ಟ್ಯೂರಿನ್‌ಗೆ ಬಂದ 26 ವರ್ಷದ ಜೊವಾನಿ ಬಾಸ್ಕೊನನ್ನು ಅವರು ಜೈಲುಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಕಂಡಿದ್ದು 12ರಿಂದ 18 ವರ್ಷದ ಹುಡುಗರು. ಗಟ್ಟಿಮುಟ್ಟಾದವರು, ಚುರುಕಾದವರು. ಬಾಸ್ಕೊಗೆ ಇನ್ನೂ ಬೇಜಾರಾಗಿದ್ದು ಬಿಡುಗಡೆಯಾದವರು ಸ್ವಲ್ಪ ದಿನಕ್ಕೇ ವಾಪಸ್ ಬರುತ್ತಿದ್ದುದನ್ನು ನೋಡಿ. ಹೊರಗೆ ಅವರಿಗೆ ಅಂತ ಯಾರೂ ಇಲ್ಲ, ಅದಕ್ಕೇ ಒಳಗೆ ಬರ್ತಾರೆ ಅಂತ ಅವನಿಗೆ ಅನ್ನಿಸಿತು. ಬಗ್ ಇರೋದು ಹುಡುಗನಲ್ಲಲ್ಲ, ಜೈಲಿನ ಗೇಟಿಂದ ಆಚೆ ಅಂತ. (ಇದು ನನ್ನ ಭಾಷೆ, ಅವನದಲ್ಲ!)

ಆಗಿನ ಟ್ಯೂರಿನ್ ಸುಮಾರು ನಮ್ಮ ಬೆಂಗಳೂರಿನ ಥರವೇ. ಊರು ಬೆಳೀತಿದೆ, ಎಲ್ಲೆಲ್ಲೂ ಕಟ್ಟಡದ ಕೆಲಸ. ಸುತ್ತಲಿನ ಹಳ್ಳಿಗಳಿಂದ ಹುಡುಗರು ಗಾರೆ ಕೆಲಸಕ್ಕೆ, ಚಿಮಣಿ ಸ್ವಚ್ಛ ಮಾಡೋಕೆ, ಕಲ್ಲು ಹೊರೋಕೆ ಬರ್ತಿದ್ದರು. ಪೋರ್ಟಾ ಪಲಾಝೋ ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಿಂತುಕೊಂಡು ಕೆಲಸ ಕೊಡೋರಿಗೆ ಕಾಯ್ತಿದ್ದರು. ಆ ಮಾರುಕಟ್ಟೆ ಈಗಲೂ ಇದೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಸಿಗುತ್ತೆ. ಅಲ್ಲಿಗೆ ವಾರಕ್ಕೊಮ್ಮೆ ಹೋಗ್ತಿದ್ದ ನನಗೆ ಈ ಇತಿಹಾಸ ಗೊತ್ತಿರಲಿಲ್ಲ.

ಬಾಸ್ಕೊ ಭಾನುವಾರಗಳಂದು ಈ ಹುಡುಗರನ್ನು ಸೇರಿಸತೊಡಗಿದ. ಪ್ರಾರ್ಥನೆ, ಒಂದಿಷ್ಟು ಪಾಠ, ಆಮೇಲೆ ಬೇಕಾದಷ್ಟು ಆಟ. ಚಿಕ್ಕಂದಿನಲ್ಲಿ ದೊಂಬರಾಟ, ಕಣ್ಕಟ್ಟು ಕಲಿತವನು, ಹಗ್ಗದ ಮೇಲೆ ನಡೀತಿದ್ದವನು. ಹುಡುಗರು ಬರದೆ ಇರ್ತಾರೆಯೇ? ನೂರಾರು ಮಂದಿ ಆದರು. ಆಗ ಶುರುವಾಯಿತು ನೋಡಿ ಅಕ್ಕಪಕ್ಕದವರ ಕಂಪ್ಲೇಂಟ್. ಗಲಾಟೆ, ಕೂಗಾಟ, ಗೋಡೆ ಹಾಳು. ಒಂದು ಕಡೆ ಸ್ಮಶಾನದ ಪಕ್ಕದ ಚರ್ಚು, ಇನ್ನೊಂದು ಕಡೆ ಹಿಟ್ಟಿನ ಗಿರಣಿಗಳ ಹತ್ತಿರ, ಮತ್ತೊಂದು ಕಡೆ ಬಾಡಿಗೆ ಮನೆ, ಕೊನೆಗೆ ಬಯಲು. ಎಲ್ಲ ಕಡೆಯಿಂದಲೂ ಎಬ್ಬಿಸಿದರು. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಹೋದ ವರ್ಷ 'ಬಾಲ್ ಆಟ ನಿಷೇಧ' ಬೋರ್ಡ್ ಹಾಕಿತು. ಆ ಮೀಟಿಂಗ್‌ನಲ್ಲಿ ನಾನೂ ಕೈ ಎತ್ತಿದ್ದೆ ಅನ್ನೋದನ್ನ ಇಲ್ಲಿ ಒಪ್ಪಿಕೊಂಡುಬಿಡ್ತೀನಿ.

ಅವನಿಗೆ ತಲೆ ಕೆಟ್ಟಿದೆ ಅಂತಲೂ ಸುದ್ದಿಯಾಯಿತು. ಇಬ್ಬರು ಪಾದ್ರಿಗಳು ಗಾಡಿ ತಂದು, ಗಾಳಿ ಸವಾರಿ ಹೋಗೋಣ ಬಾ ಅಂತ ಕರೆದರಂತೆ. ಗಾಡಿ ಹೊರಟಿದ್ದು ಹುಚ್ಚಾಸ್ಪತ್ರೆಗೆ. ಇವನಿಗೆ ವಾಸನೆ ಹೊಡೀತು. "ನೀವು ಮೊದಲು ಹತ್ತಿ" ಅಂತ ಮರ್ಯಾದೆ ಕೊಟ್ಟು, ಅವರು ಹತ್ತಿದ ಕೂಡಲೇ ಬಾಗಿಲು ಬಡಿದು ಗಾಡಿಯವನಿಗೆ "ಹೊರಡು" ಅಂದನಂತೆ. ತನ್ನ ನೆನಪುಗಳಲ್ಲಿ ಅವನೇ ಬರೆದುಕೊಂಡಿದ್ದಾನೆ.

ಕೊನೆಗೆ 1846ರ ಏಪ್ರಿಲ್ 12, ಈಸ್ಟರ್ ದಿನ, ವಾಲ್ದೊಕ್ಕೊದಲ್ಲಿ ಪಿನಾರ್ದಿ ಎಂಬಾತನ ಮನೆಗೆ ಅಂಟಿಕೊಂಡಿದ್ದ ಒಂದು ಶೆಡ್ ಬಾಡಿಗೆಗೆ ಸಿಕ್ಕಿತು. ಎಷ್ಟು ತಗ್ಗಾಗಿತ್ತೆಂದರೆ ತಲೆ ತಾಗುತ್ತಿತ್ತು. ಮಾಡು ಎತ್ತರಿಸೋಕೆ ಆಗಲ್ಲ, ಹಾಗಾಗಿ ನೆಲ ಅಗೆದು ಕೆಳಗಿಳಿಸಿದರು. ಈ ಪರಿಹಾರ ನನಗೆ ಬಹಳ ಹಿಡಿಸಿತು. ಈಗ ಆ ಶೆಡ್ ಇಲ್ಲ, ಅದೇ ಜಾಗದಲ್ಲಿ ಪುಟ್ಟ ಪ್ರಾರ್ಥನಾ ಮಂದಿರವಿದೆ. ಪಕ್ಕದಲ್ಲೇ ದೊಡ್ಡ ಬೆಸಿಲಿಕಾ. 1868ರಲ್ಲಿ ಪ್ರತಿಷ್ಠಾಪನೆಯಾದದ್ದು. ಚಿನ್ನದ ಬಣ್ಣ, ಅಮೃತಶಿಲೆ, ಎಲ್ಲಾ ಇದೆ. ಇಟಲಿಯಲ್ಲಿ ಒಂದು ತಿಂಗಳು ಕಳೆದವರಿಗೆ ಅದು ಹೊಸದೇನಲ್ಲ. ಅದನ್ನು ಕಟ್ಟಿದ ಕಂಟ್ರಾಕ್ಟರ್‌ನ ವಿಷಯ ಮಾತ್ರ ಹೇಳಬೇಕು. ಕಾರ್ಲೊ ಬುಝೆಟ್ಟಿ ಅಂತ. ಗಾರೆ ಕೆಲಸ ಮಾಡ್ತಾ ಬಾಸ್ಕೊನ ಭಾನುವಾರದ ಗುಂಪಿಗೆ ಬರ್ತಿದ್ದ ಹುಡುಗನೇ ದೊಡ್ಡವನಾಗಿ ಈ ಕಟ್ಟಡದ ಕಂಟ್ರಾಕ್ಟ್ ಹಿಡಿದ. ಅಡ್ವಾನ್ಸ್ ಕೊಡೋಕೆ ಬಾಸ್ಕೊ ಪರ್ಸ್ ಕವುಚಿದಾಗ ಬಿದ್ದದ್ದು 40 ಸೆಂಟೆಸಿಮಿ ಅಂತ ಇಲ್ಲಿ ಎಲ್ಲರೂ ನಗುತ್ತಾ ಹೇಳ್ತಾರೆ. ಅಂದರೆ ಅರ್ಧ ಲಿರಾ ಕೂಡ ಅಲ್ಲ.

ಅವನು ವಾಸವಿದ್ದ ಮನೆ 2020ರಿಂದ ಮ್ಯೂಸಿಯಂ. ನಮ್ಮ ಗುಂಪಿಗೆ ಜಾಗ ತೋರಿಸಿದ್ದು ಒಬ್ಬ ವಯಸ್ಸಾದ ಬ್ರದರ್. ಬ್ರದರ್ ಅಂದರೆ ಪಾದ್ರಿ ಅಲ್ಲ, ಆದರೆ ಅದೇ ವ್ರತ ತೊಟ್ಟು ಅದೇ ಸಮುದಾಯದಲ್ಲಿ ಬದುಕುವವರು. ಇವರು ನಲವತ್ತು ವರ್ಷ ಮೆಕ್ಯಾನಿಕಲ್ ವರ್ಕ್‌ಶಾಪ್‌ನಲ್ಲಿ ಪಾಠ ಹೇಳಿದವರಂತೆ. ಇಂಗ್ಲಿಷ್ ಹರಕು ಮುರುಕು, ಕೈಸನ್ನೆ ಜಾಸ್ತಿ. ನಾನು ಇಂಜಿನಿಯರ್ ಅಂದಾಗ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, "ಸಾಫ್ಟ್‌ವೇರ್!" ಅಂತ ನಕ್ಕರು. ಮೆತ್ತಗಿತ್ತಲ್ಲ.

ನೆಲಮಾಳಿಗೆಯಲ್ಲಿ ಹಳೆಯ ಅಡುಗೆಮನೆಯ ಜಾಗ ಇದೆ. ಅವರು ಹೆಚ್ಚು ಹೊತ್ತು ನಿಂತಿದ್ದು ಅಲ್ಲೇ. ಬಾಸ್ಕೊ ಶುರುವಿನಲ್ಲಿ ಮನೆಯಿಲ್ಲದ ಹುಡುಗರನ್ನು ಹುಲ್ಲಿನ ಅಟ್ಟದಲ್ಲಿ ಮಲಗಿಸಿದಾಗ ಅವರು ಬೆಳಗಾಗೋದರೊಳಗೆ ಹೊದಿಕೆ ಸಮೇತ ಪರಾರಿಯಾಗಿದ್ದರು. 1847ರ ಮೇ ತಿಂಗಳಲ್ಲಿ ಒಂದು ಮಳೆಯ ರಾತ್ರಿ, ಕೆಲಸ ಹುಡುಕಿ ಬಂದು ಕೈಲಿದ್ದ ದುಡ್ಡೆಲ್ಲ ಖರ್ಚಾಗಿದ್ದ ಅನಾಥ ಹುಡುಗನೊಬ್ಬ ಬಾಗಿಲು ತಟ್ಟಿದ. ಆಗ ಮನೆಯಲ್ಲಿದ್ದದ್ದು ಬಾಸ್ಕೊನ ತಾಯಿ ಮಾರ್ಗರೀತಾ. ಮಗ ಕಾಯಿಲೆ ಬಿದ್ದು ಎದ್ದ ಮೇಲೆ, ಅವನ ಜೊತೆ ಹಳ್ಳಿಯಿಂದ ನಡೆದುಕೊಂಡೇ ಬಂದಿದ್ದ ಅಕ್ಷರ ಬಾರದ ಹೆಂಗಸು. ಇವನೂ ಹೊದಿಕೆ ಕದೀತಾನೇನೋ ಅನ್ನೋ ಅಳುಕು ಇದ್ದರೂ ಅಡುಗೆಮನೆಯಲ್ಲೇ ಹಾಸಿ ಕೊಟ್ಟಳು. ಮಲಗೋ ಮುಂಚೆ ಎರಡು ಒಳ್ಳೆ ಮಾತು ಹೇಳಿದಳು. ಬೆಳಿಗ್ಗೆ ಹುಡುಗನೂ ಇದ್ದ, ಹೊದಿಕೆಯೂ ಇತ್ತು.

ಆ ರಾತ್ರಿಯ ಎರಡು ಮಾತು ಇವತ್ತಿಗೂ ಸಂಪ್ರದಾಯವಾಗಿ ನಡೀತಿದೆ. ಜಗತ್ತಿನ ಎಲ್ಲ ಸಲೇಷಿಯನ್ ಮನೆಗಳಲ್ಲೂ ದಿನದ ಕೊನೆಗೆ ಯಾರಾದರೂ ಒಬ್ಬರು ಎದ್ದು ಎರಡು ಮೂರು ನಿಮಿಷ ಮಾತಾಡ್ತಾರೆ. 'ಗುಡ್ ನೈಟ್' ಅಂತಲೇ ಅದರ ಹೆಸರು. "ಮೂರೇ ನಿಮಿಷಾನಾ?" ಅಂದೆ. ನಮ್ಮ ಹದಿನೈದು ನಿಮಿಷದ ಸ್ಟ್ಯಾಂಡಪ್ ನಲವತ್ತು ನಿಮಿಷ ಹಿಡಿಯುತ್ತೆ. "ಉದ್ದ ಮಾತಾಡಿದರೆ ಹುಡುಗರು ನಿದ್ದೆ ಹೋಗ್ತಾರೆ, ನಾವು ಮುದುಕರು ಇನ್ನೂ ಬೇಗ" ಅಂದರು ಬ್ರದರ್.

ಅವರ ದಿನಚರಿ ಕೇಳಿದೆ. ಬೆಳಿಗ್ಗೆ ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಊಟ, ಯಾರಿಗೆ ಸಂಬಳ ಬಂದರೂ ಅದು ಸಮುದಾಯದ ಒಂದೇ ಖಾತೆಗೆ. ಸ್ವಂತಕ್ಕೆ ಅಂತ ಏನಿದೆ ಅಂದಿದ್ದಕ್ಕೆ ಕೈಗಡಿಯಾರ ತೋರಿಸಿದರು. ಸುಖವಾಗಿದ್ದೀರಾ ಅಂತ ಕೇಳೋಕೆ ಬಾಯಿಗೆ ಬಂತು, ಕೇಳಲಿಲ್ಲ. ಅವರೇ, "ಎಲ್ಲ ದಿನವೂ ಸುಲಭ ಅಲ್ಲ. ಊಟದ ಟೇಬಲ್‌ನಲ್ಲಿ ನನ್ನ ಪಕ್ಕ ಕೂರುವವರನ್ನು ನಾನು ಆರಿಸಿಕೊಂಡಿಲ್ಲ" ಅಂದರು.

ಅಪ್ಪ ಓದಿದ್ದು ಧಾರವಾಡದ ಒಂದು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು. ಅವರ ಬಾಯಲ್ಲಿ ಈಗಲೂ ಅಲ್ಲಿಯ ಜೋಳದ ರೊಟ್ಟಿ, ಸಾರಿನ ಮಾತು ಬರ್ತದೆ. ಸಿದ್ಧಗಂಗೆಯ ಹೆಸರು ಕೇಳದ ಕನ್ನಡಿಗರುಂಟೆ? ಹಾಗಾಗಿ ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಅನ್ನೋದು ನನಗೆ ಹೊಸ ಸಂಗತಿ ಆಗಿರಲಿಲ್ಲ. ಇದನ್ನೆಲ್ಲ ನಾನು ನೋಡಿದ್ದೀನಿ ಅನ್ನೋ ಒಂದು ಸಣ್ಣ ಜಂಬ ಮನಸ್ಸಲ್ಲಿತ್ತು. ಅಷ್ಟರಲ್ಲಿ ಬ್ರದರ್ ಒಪ್ಪಂದದ ವಿಷಯ ತೆಗೆದರು.

ಹುಡುಗರಿಗೆ ಊಟ ಕೊಟ್ಟು ಪಾಠ ಹೇಳಿ ಕಳಿಸಿದರೂ ಅವರು ವಾರವಿಡೀ ಇರೋದು ಯಜಮಾನನ ಅಂಗಡಿಯಲ್ಲಿ ತಾನೆ? ಅಲ್ಲಿ ಹೊಡೆತ, ಬೈಗುಳ. ಬಡಗಿ ಕೆಲಸ ಕಲಿಯೋಕೆ ಹೋದವನ ಕೈಲಿ ಮನೆ ಚಾಕರಿ. ಬಾಸ್ಕೊ ಅಂಗಡಿಗಳಿಗೇ ಹೋಗಿ ಹುಡುಗರನ್ನು ನೋಡಿಕೊಂಡು ಬರ್ತಿದ್ದ. ಆಮೇಲೆ ಯಜಮಾನರನ್ನು ಕೂರಿಸಿ ಲಿಖಿತ ಒಪ್ಪಂದ ಮಾಡಿಸತೊಡಗಿದ. ಉಳಿದುಬಂದಿರೋ ಅಂಥ ಹಳೆಯ ಕಾಗದಗಳಲ್ಲಿ ಒಂದು 1852ರ ಫೆಬ್ರವರಿಯದು. ಬಡಗಿ ಬೆರ್ತೊಲಿನೊ ಮತ್ತು ಒದಾಸ್ಸೊ ಅನ್ನೋ ಹುಡುಗನ ನಡುವೆ. ಛಾಪಾ ಕಾಗದದ ಮೇಲೆ. ಎರಡು ವರ್ಷದ ಅವಧಿ. ಹುಡುಗನ ತಂದೆಯ ಜಾಮೀನು.

ಛಾಪಾ ಕಾಗದ, ಎರಡು ವರ್ಷ, ತಂದೆಯ ಜಾಮೀನು. ನನಗೆ ಆ ನೆಲಮಾಳಿಗೆಯಲ್ಲಿ ಒಂದು ಕ್ಷಣ ಬೇರೇನೂ ಕೇಳಿಸಲಿಲ್ಲ.

ನನ್ನ ಮೊದಲ ಕೆಲಸಕ್ಕೂ ಹೀಗೇ ಒಂದು ಬಾಂಡ್ ಇತ್ತು. ಕಂಪನಿಯ ಹೆಸರು ಬೇಡ. ಕ್ಯಾಂಪಸ್‌ನಲ್ಲಿ ಸೆಲೆಕ್ಟ್ ಆದ ಖುಷಿ, 22 ವರ್ಷ. ಎರಡು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ, ಜಾಮೀನಿಗೆ ಅಪ್ಪನ ಸಹಿ. ಅಪ್ಪ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಬಂದು, ನೋಟರಿ ಎದುರು ಸಹಿ ಹಾಕಿ, ಅದೇ ಸಂಜೆ ಗದಗಿಗೆ ವಾಪಸ್ ಹೋದರು. ಎಂಟನೇ ತಿಂಗಳಿಗೆ ನನಗೆ ಅಲ್ಲಿ ಉಸಿರು ಕಟ್ಟತೊಡಗಿತ್ತು. ಮ್ಯಾನೇಜರ್ ಎಲ್ಲರೆದುರು, "ನಿಂಗೆ ಡಿಗ್ರಿ ಕೊಟ್ಟೋನು ಯಾವನು?" ಅನ್ನೋರು. ಅದು ಅವರ ಇಷ್ಟದ ಡೈಲಾಗ್. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬರ್ತಿದ್ದೆ. ಬಿಡಲಿಲ್ಲ. ಬಿಟ್ಟರೆ ನೋಟಿಸ್ ಹೋಗೋದು ಗದಗಿನ ಮನೆಗೆ, ಅಪ್ಪನ ಹೆಸರಿಗೆ. ಉಳಿದ ಹದಿನಾರು ತಿಂಗಳು ಹಾಗೇ ಕಳೆದೆ. ಮನೆಯಲ್ಲಿ ಹೇಳಲೂ ಇಲ್ಲ.

ಆ ಸಂಜೆ ರೂಮಿಗೆ ಬಂದು ಒದಾಸ್ಸೊನ ಒಪ್ಪಂದದ ಪೂರ್ತಿ ಪಠ್ಯ ಹುಡುಕಿ, ಟ್ರಾನ್ಸ್‌ಲೇಟರ್ ಇಟ್ಟುಕೊಂಡು ಓದಿದೆ. ಮೊದಲ ಕಲಮುಗಳೇ ಯಜಮಾನನ ಮೇಲೆ. ಕೆಲಸ ಕಲಿಸಬೇಕು. ಒಳ್ಳೆಯ ತಂದೆ ಮಗನಿಗೆ ಹೇಳೋ ಥರ ಬುದ್ಧಿ ಹೇಳಬೇಕು. ತಪ್ಪಿದರೆ ಪ್ರೀತಿಯಿಂದ, ಮಾತಿನಲ್ಲಷ್ಟೇ ತಿದ್ದಬೇಕು, ಹಿಂಸೆ ಕೂಡದು. ಆ ಕಸುಬಿಗೆ ಸಂಬಂಧಪಟ್ಟ ಕೆಲಸವನ್ನೇ ಕೊಡಬೇಕು, ವಯಸ್ಸಿಗೆ ಮತ್ತು ಶಕ್ತಿಗೆ ಮೀರಿದ್ದು ಕೊಡಬಾರದು. ಹಬ್ಬದ ದಿನಗಳಲ್ಲಿ ಪೂರ್ತಿ ಬಿಡಬೇಕು. ದಿನಗೂಲಿ ಎಷ್ಟು ಅಂತ ಬರೆದಿರಬೇಕು. ಹುಡುಗ ವಿಧೇಯನಾಗಿರಬೇಕು, ಶ್ರದ್ಧೆಯಿಂದ ದುಡಿಯಬೇಕು ಅನ್ನೋದೂ ಇದೆ. ನನ್ನ ಬಾಂಡ್‌ನಲ್ಲಿ ಅದೊಂದೇ ಇತ್ತು. ಇನ್ನೊಂದು ಪಕ್ಷ ಏನು ಮಾಡಬೇಕು ಅಂತ ನನಗೆ ನೆನಪಿರೋ ಮಟ್ಟಿಗೆ ಒಂದು ಸಾಲೂ ಇರಲಿಲ್ಲ. ಇದ್ದರೂ, ಮ್ಯಾನೇಜರ್ ಅದನ್ನು ಪಾಲಿಸ್ತಿದ್ದಾರಾ ಅಂತ ನೋಡೋಕೆ ಅಂಗಡಿಗೆ ಬರೋ ಬಾಸ್ಕೊ ಇರಲಿಲ್ಲ.

ಕಾಗದವೇ ಎಲ್ಲ ಮಾಡಿಬಿಡ್ತು ಅಂತಲ್ಲ. 1853ರ ಹೊತ್ತಿಗೆ ಬಾಸ್ಕೊ ಚಮ್ಮಾರಿಕೆ, ದರ್ಜಿ ಕೆಲಸವನ್ನು ಮನೆಯೊಳಗೇ ಕಲಿಸತೊಡಗಿದ, ಆಮೇಲೆ ಪುಸ್ತಕ ಕಟ್ಟೋದು, ಬಡಗಿತನ, ಮುದ್ರಣ. ಹೊರಗಿನ ಅಂಗಡಿಗಳನ್ನು ಅವನೂ ಪೂರ್ತಿ ನಂಬಲಿಲ್ಲ ಅನ್ನೋದು ಸ್ಪಷ್ಟ. ಇನ್ನೊಂದು ಮಾತು: ಆತ ಮಾಡಿದ್ದೆಲ್ಲವೂ ಧರ್ಮದ ಕೆಲಸ ಅಂತಲೇ ಮಾಡಿದ್ದು, ಅದನ್ನು ಮುಚ್ಚಿಟ್ಟವನೂ ಅಲ್ಲ. ಹುಡುಗರೆಲ್ಲ ಹೆಚ್ಚುಕಡಿಮೆ ಹುಟ್ಟಾ ಕ್ಯಾಥೊಲಿಕರೇ. ಅವರು ಹಾಗೇ ಉಳಿಯಬೇಕು ಅನ್ನೋ ಹಟ ಅವನಿಗೆ ಜೋರಾಗಿಯೇ ಇತ್ತು. ಇದು ಇಷ್ಟವಾಗದವರು ಇರಬಹುದು. ನನಗೆ ಆ ಛಾಪಾ ಕಾಗದ ಮಾತ್ರ ತುಂಬ ಇಷ್ಟವಾಯಿತು.

ಅಂಗಳದ ಮಾತು ಅರ್ಧಕ್ಕೇ ನಿಂತಿತು. ಮ್ಯೂಸಿಯಂನಿಂದ ಹೊರಬಂದಾಗ ಮೂರೂವರೆ. ಬೆಸಿಲಿಕಾದ ಪಕ್ಕದ ಅಂಗಳದಲ್ಲಿ ನಾಲ್ಕೈದು ಆಟ ಒಟ್ಟಿಗೆ ನಡೀತಿದ್ದವು. ಒಂದೇ ಫುಟ್‌ಬಾಲ್‌ನ ಹಿಂದೆ ಆಫ್ರಿಕಾ ಮೂಲದ, ಅರಬ್ ಮುಖದ, ಇಟಲಿಯ ಹುಡುಗರು. ಒಬ್ಬ ಹುಡುಗಿ ಗೋಲಿಯಾಗಿ ಎಲ್ಲರಿಗೂ ಬೈತಿದ್ದಳು. ಚೀಲ ಹೊತ್ತ ಒಬ್ಬ ಪಾದ್ರಿ ಅಡ್ಡ ಹೋಗ್ತಾ ಬಾಲ್ ಒದ್ದರು, ಅದು ಎಲ್ಲೋ ಹೋಯಿತು, ಎಲ್ಲರೂ ಕೂಗಿದರು. ನನ್ನ ಕಾಲ ಹತ್ತಿರ ಬಂದ ಬಾಲನ್ನು ನಾನೂ ಒದ್ದೆ. ಅದೂ ಎಲ್ಲೋ ಹೋಯಿತು.

ಬ್ರದರ್ ಪಕ್ಕದ ಬೆಂಚಿನಲ್ಲಿ ಕೂತು ಹೇಳಿದರು: 1875ರಲ್ಲಿ ಮೊದಲ ತಂಡ ಇದೇ ಚರ್ಚಿನಿಂದ ಅರ್ಜೆಂಟೀನಾಕ್ಕೆ ಹೊರಟಿತು, 1906ರಲ್ಲಿ ತಂಜಾವೂರಿಗೆ. "ನಿಮ್ಮ ಬೆಂಗಳೂರಿಗೂ ಬಂದಿದ್ದಾರೆ, ಗೊತ್ತಾ?" ಗೊತ್ತಿರಲಿಲ್ಲ. ಆಮೇಲೆ ನೋಡಿದರೆ, 1980ರಲ್ಲಿ ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ ಸಲೇಷಿಯನ್ನರು ಶುರು ಮಾಡಿದ ಕೆಲಸದ ಹೆಸರು 'ಬಾಸ್ಕೊ'. ಆ ಬಾಸ್ಕೊದ ವಿಸ್ತರಣೆ 'ಬೆಂಗಳೂರು ಓಣಿಯವರ ಸೇವಾ ಕೂಟ' ಅಂತೆ. ಓಣಿ! ಬೆಂಗಳೂರಿನಲ್ಲಿ ನಾನು 'ನಮ್ಮ ಓಣಿ' ಅಂದರೆ ನಗೋ ಜನ ಇದ್ದಾರೆ. ಮನೆ ಬಿಟ್ಟು ರೈಲು ಹತ್ತಿ ಬರೋ ಮಕ್ಕಳನ್ನು ಸ್ಟೇಷನ್‌ನಲ್ಲೇ ಮಾತಾಡಿಸೋದು ಅವರ ಕೆಲಸಗಳಲ್ಲಿ ಒಂದು. ಆ ಸ್ಟೇಷನ್‌ನಲ್ಲಿ ಎಷ್ಟು ಸಲ ಇಳಿದಿದ್ದೀನೋ, ಇಯರ್‌ಫೋನ್ ಹಾಕಿಕೊಂಡು ಸೀದಾ ಮೆಟ್ರೋ ಕಡೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಎಂಟು ವರ್ಷದ ಹಿಂದಿನ ಬಾಂಡ್ ನೆನಪಿದೆಯಾ ಅಂದೆ. "ಇಲ್ದ ಏನು" ಅಂದರು. ಸಹಿ ಹಾಕೋ ಮುಂಚೆ ಓದಿದ್ರಾ ಅಂತ ಕೇಳಿದೆ. "ಇಂಗ್ಲೀಷಿನ್ಯಾಗ ಇತ್ತಲ್ಲೋ, ಅಷ್ಟು ಯಾರು ಓದ್ತಾರ. ನಿನ್ನ ಹೆಸರು ಬರೋಬ್ಬರಿ ಬರದಾರೇನು ಅಂತ ನೋಡಿದೆ." ಸ್ವಲ್ಪ ತಡೆದು, "ಯಾಕ, ಅಲ್ಲಿ ಏನರ ತ್ರಾಸ ಆಗಿತ್ತೇನು?" ಅಂದರು. ಇಲ್ಲ ಅಂದೆ. ಮತ್ತೆ, ಹೂಂ, ಆಗಿತ್ತು ಅಂದೆ. ಅರ್ಧ ಗಂಟೆ ಮಾತಾಡಿದೆವು. ಇಂಟರ್‌ನ್ಯಾಷನಲ್ ಕಾಲ್ ದುಬಾರಿ ಅಲ್ಲೇನೋ ಅಂತ ಅವರು ಮೂರು ಸಲ ಕೇಳಿದರು, ವಾಟ್ಸಾಪ್ ಅಂತ ನಾನು ಮೂರು ಸಲ ಹೇಳಿದೆ.

ಒಂದು ವಿಷಯ ಅಪ್ಪನಿಗೆ ಹೇಳಲಿಲ್ಲ. ಆ ಗುರುವಾರವಷ್ಟೇ ನಮ್ಮ ಟೀಮಿನ ಹೊಸ ಹುಡುಗ ತಪ್ಪು ಕಾನ್ಫಿಗರೇಶನ್ ಹಾಕಿ ಟೆಸ್ಟ್ ಬೆಂಚ್ ನಿಲ್ಲಿಸಿಬಿಟ್ಟಿದ್ದ. ಇಟಲಿಯವರ ಎದುರು ನನ್ನ ಮಾನ ಹೋಯಿತು ಅಂತ ಕಾಲ್‌ನಲ್ಲಿ ಎಂಟು ಜನ ಕೇಳೋ ಹಾಗೆ, "ನಿಂಗೆ ಡಿಗ್ರಿ ಕೊಟ್ಟೋರು ಯಾರಪ್ಪಾ?" ಅಂದಿದ್ದೆ. ಪದ ಸ್ವಲ್ಪ ಮೆತ್ತಗೆ, ಡೈಲಾಗ್ ಅದೇ. ಮಾತಿನಲ್ಲಷ್ಟೇ ತಿದ್ದಬೇಕು ಅನ್ನೋ ಕಲಮಿನ ಪ್ರಕಾರ ನಾನು ತಪ್ಪಿತಸ್ಥ ಅಲ್ಲ ಅಂತ ವಾದ ಮಾಡಬಹುದು. ಶನಿವಾರ ರಾತ್ರಿ ಆ ವಾದ ನನ್ನೊಳಗೇ ಒಂದಿಷ್ಟು ಹೊತ್ತು ನಡೀತು.

ಸೋಮವಾರ ಅವನಿಗೆ ಬೇರೆಯಾಗಿ ಕಾಲ್ ಮಾಡಿದೆ. ನಾನು ಬಾಯಿ ತೆರೆಯೋ ಮುಂಚೆ ಅವನೇ "ಸಾರಿ ಸರ್" ಅಂದ. ನಾನು ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಅಲ್ಲೇ ನಿಂತಿತು. ನನ್ನದೇ ತಪ್ಪು, ಹಾಗೆ ಹೇಳಬಾರದಿತ್ತು ಅಂತ ಹೇಗೋ ಹೇಳಿ ಮುಗಿಸಿದೆ. ಆಮೇಲೆ ಆ ಕಾನ್ಫಿಗರೇಶನ್ ಫೈಲ್ ತೆರೆದು ಇಬ್ಬರೂ ಒಂದು ಗಂಟೆ ಕೂತೆವು. ತಪ್ಪು ಸಣ್ಣದೇ. ಆ ಭಾಗವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾಗಿದ್ದವನು ನಾನು.

ಕಾಲ್ ಮುಗಿಯೋ ಹೊತ್ತಿಗೆ ಕೇಳಿದೆ, ನಿನಗೂ ಬಾಂಡ್ ಇದೆಯಾ ಅಂತ. ಇದೆ ಸರ್, ಮುಂದಿನ ವರ್ಷ ಜೂನ್‌ವರೆಗೆ ಅಂದ. ಜಾಮೀನು ಯಾರದು ಅಂದೆ.

"ಅವ್ವಂದು ಸರ್" ಅಂದ.